ಕಪ್ಪು ಜೀರುಂಡೆ ಸಿಕ್ತಾ? ಮೊದ್ಲು ಮಗುಚಿ ಹಾಕಿ ನೋಡಿ

ಕಲ್ಲು ಎತ್ತಿದ ತಕ್ಷಣ ಕಪ್ಪಗೆ ಮಿಂಚೋ ಒಂದು ಹುಳ ಸರ್ರಂತ ಓಡಿ ಪಕ್ಕದ ಬಿರುಕಿಗೆ ನುಗ್ಗತ್ತಲ್ಲ, ಅದು ಗ್ರೌಂಡ್ ಬೀಟಲ್ ಆಗಿರೋ ಸಾಧ್ಯತೆ ಜಾಸ್ತಿ. ಫ್ಯಾಮಿಲಿ ಹೆಸ್ರು ಕ್ಯಾರಾಬಿಡೇ, ಇಲ್ಲಿವರ್ಗೂ ಹೆಸರಿಟ್ಟಿರೋದೇ ಸುಮಾರು 40,000 ಜಾತಿ. ಅದ್ರಲ್ಲಿ ಎಷ್ಟೋ ಬರೀ ಕಪ್ಪು ಇಲ್ಲಾ ಕಂದು, ಹಾಗಾಗಿ ಫೋಟೋ ಪಕ್ಕ ಫೋಟೋ ಇಟ್ಕೊಂಡು ಹೆಸ್ರು ಹುಡುಕ್ತೀನಿ ಅಂತ ಕೂತ್ರೆ ತಲೆ ಕೆಡತ್ತೆ ಅಷ್ಟೇ. ಬಣ್ಣ ಮರ್ತುಬಿಡಿ, ಹುಳನ ಮಗುಚಿ ಹಾಕಿ ಹೊಟ್ಟೆ ಕಡೆ ನೋಡಿ.

ಹಿಂಗಾಲು ದೇಹಕ್ಕೆ ಸೇರೋ ಜಾಗದಲ್ಲಿ ಅಗಲವಾದ ಒಂದು ಬುಡದ ತುಂಡು ಇರತ್ತೆ, ಅದಕ್ಕೆ ಕಾಕ್ಸಾ ಅಂತಾರೆ. ಗ್ರೌಂಡ್ ಬೀಟಲ್ಲಲ್ಲಿ ಇದು ಹಿಂದಕ್ಕೆ ಚಾಚ್ಕೊಂಡು ಹೊಟ್ಟೆಯ ಮೊದಲನೇ ಪಟ್ಟಿನ ಮಧ್ಯಕ್ಕೇ ಕತ್ತರಿಸಿಬಿಟ್ಟಿರತ್ತೆ, ಪಟ್ಟಿ ಎಡಕ್ಕೊಂದು ಬಲಕ್ಕೊಂದು ತುಂಡಾಗಿ ಕಾಣತ್ತೆ. ಹಂಗೆ ಕಂಡ್ರೆ ನಿಮ್ಮ ಹುಳ ಅಡೆಫ್ಯಾಗಾ ಅನ್ನೋ ದೊಡ್ಡ ಗುಂಪಿಗೆ ಸೇರಿದ್ದು ಅಂತ ಧೈರ್ಯವಾಗಿ ಹೇಳ್ಬಹುದು (ನೀರಲ್ಲಿ ಈಜೋ ಡೈವಿಂಗ್ ಬೀಟಲ್ ಕೂಡ ಇದೇ ಗುಂಪು, ಆದ್ರೆ ಅದ್ರ ಹಿಂಗಾಲು ಚಪ್ಪಟೆ, ಕೂದಲು ತುಂಬಿರತ್ತೆ). ಆಮೇಲೆ ಕಾಕ್ಸಾಗೆ ಅಂಟ್ಕೊಂಡಿರೋ ಕಿಡ್ನಿ ಶೇಪಿನ ದಪ್ಪ ತುಂಡು ಹುಡುಕಿ, ಅದು ಟ್ರೋಕ್ಯಾಂಟರ್. ಇಷ್ಟಕ್ಕೆಲ್ಲ 10 ಎಕ್ಸ್ ಕೈಲೆನ್ಸ್ ಸಾಕು.

ಹೆಚ್ಚು ಕನ್‌ಫ್ಯೂಸ್ ಆಗೋದು ಡಾರ್ಕ್ಲಿಂಗ್ ಬೀಟಲ್ ಜೊತೆ. ಅದೂ ಕಪ್ಪು, ಅದೂ ನೆಲದ ಮೇಲೇ ಓಡಾಡತ್ತೆ. ಪಾದದ ಗಣ್ಣು ಎಣಿಸಿ: ಗ್ರೌಂಡ್ ಬೀಟಲ್ಲಿಗೆ ಆರೂ ಕಾಲಲ್ಲಿ ಐದೈದು, ಡಾರ್ಕ್ಲಿಂಗಿಗೆ ಹಿಂಗಾಲಲ್ಲಿ ನಾಲ್ಕೇ. ಆಂಟೆನಾ ಎಲ್ಲಿಂದ ಶುರುವಾಗತ್ತೆ ಅನ್ನೋದನ್ನೂ ನೋಡಿ, ಡಾರ್ಕ್ಲಿಂಗಲ್ಲಿ ಬುಡ ತಲೆಯ ಪಕ್ಕದ ಅಂಚಿನ ಕೆಳಗೆ ಮುಚ್ಚಿರತ್ತೆ, ಗ್ರೌಂಡ್ ಬೀಟಲ್ಲಲ್ಲಿ ಕಣ್ಣಿಗೂ ದವಡೆಗೂ ಮಧ್ಯೆ ಎದ್ದು ಕಾಣತ್ತೆ, ದಾರದ ಥರ ಸಣ್ಣಗೆ, ಸಾಮಾನ್ಯವಾಗಿ 11 ತುಂಡು. ಟೈಗರ್ ಬೀಟಲ್‌ಗಳನ್ನ ಇದೇ ಫ್ಯಾಮಿಲಿಗೆ ಸೇರ್ಸೋರೂ ಇದಾರೆ, ಬೇರೆ ಫ್ಯಾಮಿಲಿ ಅನ್ನೋರೂ ಇದಾರೆ, ಆ ಜಗಳಕ್ಕೆ ಈಗ್ಲೇ ಇಳಿಯೋದು ಬೇಡ.

ಹಿಡಿಯೋಕೆ ಪಿಟ್‌ಫಾಲ್ ಟ್ರ್ಯಾಪೇ ಬೆಸ್ಟ್. ಎರಡು ಪ್ಲಾಸ್ಟಿಕ್ ಕಪ್ ಒಂದರೊಳಗೊಂದು ಇಟ್ಟು ನೆಲದಲ್ಲಿ ಹೂತಿಡಿ, ಯಾಕೆ ಎರಡು ಅಂದ್ರೆ ಒಳಗಿಂದು ಎತ್ತಿ ಖಾಲಿ ಮಾಡ್ವಾಗ ಗುಂಡಿ ಕುಸಿಯಲ್ಲ. ಇಲ್ಲಿ ಒಂದೇ ಒಂದು ವಿಷ್ಯ ಸರಿಯಾಗಿ ಮಾಡಿ, ಕಪ್ಪಿನ ಅಂಚು ಮಣ್ಣಿನ ಮಟ್ಟಕ್ಕೇ ಇರ್ಬೇಕು, ಚೂರು ಮೇಲಿದ್ರೂ ಹುಳ ಅಂಚಿಗೆ ಮೀಸೆ ತಾಗಿಸಿ ಪಕ್ಕಕ್ಕೆ ತಿರುಗಿ ಹೋಗತ್ತೆ, ಆದ್ರಿಂದ ಸುತ್ತ ಮಣ್ಣು ಬೆರಳಲ್ಲಿ ಒತ್ತಿ ಒತ್ತಿ ಅಂಚಿಗೆ ಸೇರ್ಸಿ, ಮಳೆ ಬಂದ್ಮೇಲೆ ಮತ್ತೆ ಹೋಗಿ ನೋಡಿ. ಮೇಲೆ ನಾಲ್ಕು ಕಲ್ಲಿಟ್ಟು ಒಂದು ಹಲಗೆ ಮುಚ್ಚಿ. ಒಳಗೆ ಗಟ್ಟಿ ಉಪ್ಪುನೀರು, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಇಲ್ದಿದ್ರೆ ಸಣ್ಣ ಹುಳ ನೀರಿನ ಮೇಲೇ ತೇಲ್ತಾ ಇರತ್ತೆ. ಕಾರಿನ ಕೂಲೆಂಟ್ ಹಾಕೋರಿದಾರೆ, ಎಥಿಲೀನ್ ಗ್ಲೈಕಾಲ್ ಇರೋದು ನಾಯಿ ಬೆಕ್ಕಿಗೆ ವಿಷ, ಹಾಕ್ಲೇಬೇಕಂದ್ರೆ ಪ್ರೊಪಿಲೀನ್ ಗ್ಲೈಕಾಲ್ ಹಾಕಿ. ಕಪ್ಪೆ ಬೀಳದ ಹಾಗೆ ಮೇಲೆ ದೊಡ್ಡ ಕಣ್ಣಿನ ಜಾಲರಿ ಇಡಿ. ಜೀವಂತ ಬೇಕಂದ್ರೆ ನೀರು ಹಾಕ್ಬೇಡಿ, ತಳಕ್ಕೆ ಸಣ್ಣ ತೂತು ಮಾಡಿ ಒಣಗಿದ ಎಲೆ ಹಾಕಿ, ಆದ್ರೆ ದಿನಾ ಬೆಳಿಗ್ಗೆನೇ ಹೋಗಿ ನೋಡ್ಬೇಕು, ತಡ ಆದ್ರೆ ಒಳಗಿರೋವೇ ಒಂದನ್ನೊಂದು ತಿಂದು ರೆಕ್ಕೆ ಕಾಲು ಮಾತ್ರ ಉಳ್ಸಿರತ್ವೆ. ರಕ್ಷಿತ ಕಾಡು, ಪಾರ್ಕ್ ಆದ್ರೆ ಪರ್ಮಿಷನ್ ಇಲ್ದೆ ಇದ್ಯಾವುದೂ ಬೇಡ.

ಇನ್ನೊಂದು, ಟ್ರ್ಯಾಪಲ್ಲಿ ಜಾಸ್ತಿ ಬಿದ್ದ ಜಾತಿನೇ ಅಲ್ಲಿ ಜಾಸ್ತಿ ಇರೋದು ಅಂತ ಬರೀಬೇಡಿ. ಜಾಸ್ತಿ ಓಡಾಡೋ ಹುಳ ಜಾಸ್ತಿ ಬೀಳತ್ತೆ, ಸುಮ್ನೆ ಕೂರೋದು ಕಮ್ಮಿ. ಹೊಳೆ ದಡದ ಪುಟಾಣಿ ಜಾತಿಗಳಿಗೆ ಟ್ರ್ಯಾಪೇ ಬೇಕಿಲ್ಲ, ದಡದ ಮಣ್ಣಿನ ಮೇಲೆ ನೀರು ಎರಚಿ ಸ್ವಲ್ಪ ಕಾಯಿರಿ, ತಾವೇ ಆಚೆ ಓಡಿ ಬರತ್ವೆ. ಬರಿಗೈಲಿ ಹಿಡಿಯೋಕೆ ಹೋಗ್ಬೇಡಿ. ಬಾಂಬಾರ್ಡಿಯರ್ ಅನ್ನೋವು ಹಿಂದಿನಿಂದ ಹೆಚ್ಚುಕಮ್ಮಿ 100 ಡಿಗ್ರಿ ಬಿಸಿಯ ಕೆಮಿಕಲ್ ಸಿಡಿಸ್ತಾವೆ. ಡಾರ್ವಿನ್ ಎರಡು ಕೈಯಲ್ಲೂ ಒಂದೊಂದು ಜೀರುಂಡೆ ಹಿಡ್ಕೊಂಡು, ಮೂರನೇದು ಕಂಡಾಗ ಕೈಲಿದ್ದಿದ್ದನ್ನ ಬಾಯಿಗೆ ಹಾಕ್ಕೊಂಡು ನಾಲಿಗೆ ಸುಟ್ಕೊಂಡಿದ್ದು ಅವ್ರೇ ಬರ್ಕೊಂಡಿದಾರೆ.

ಜೀವಂತ ಹಿಡಿದಿದ್ದನ್ನ ಒಂದೆರಡು ದಿನ ಫ್ರೀಜರಲ್ಲಿಟ್ರೆ ಸಾಯತ್ತೆ. ಪಿನ್ ಚುಚ್ಚೋದು ಮೇಲಿನ ಗಟ್ಟಿ ರೆಕ್ಕೆಗಳಲ್ಲಿ ಬಲಗಡೆದಕ್ಕೆ, ಮುಂಭಾಗದಲ್ಲಿ. ನಡುವೆ ಚುಚ್ಚಿದ್ರೆ ಎರಡು ರೆಕ್ಕೆನೂ ಬಾಯಿ ಬಿಟ್ಕೊಳ್ಳತ್ತೆ. ತೀರಾ ಚಿಕ್ಕವನ್ನ ತ್ರಿಕೋನ ಕಾರ್ಡಿನ ತುದಿಗೆ ಗಮ್ಮಲ್ಲಿ ಅಂಟ್ಸಿ, ಹೊಟ್ಟೆ ಕಾಣೋ ಹಾಗೆ. ಡಿಎನ್ಎಗೆ ಬೇಕಂದ್ರೆ ಪಿನ್ ಬೇಡ, 95 ಪರ್ಸೆಂಟ್ ಆಲ್ಕೋಹಾಲಲ್ಲಿ ಹಾಕಿಡಿ.

ಲೇಬಲ್ ಅವತ್ತೇ ಬರೀರಿ. ಊರು, ಜಿಪಿಎಸ್ ಅಂಕಿ, ತಾರೀಕು, ಹಿಡಿದಿದ್ದು ಹೇಗೆ, ಹಿಡಿದೋರು ಯಾರು. ತಿಂಗಳನ್ನ ರೋಮನ್ ಅಂಕಿಯಲ್ಲಿ ಬರೆಯೋದು ರೂಢಿ, ಯಾಕಂದ್ರೆ 4-5 ಅಂದ್ರೆ ಏಪ್ರಿಲ್ ಐದೋ ಮೇ ನಾಲ್ಕೋ ಗೊತ್ತಾಗಲ್ಲ. ಆಲ್ಕೋಹಾಲ್ ಬಾಟಲಿಗೆ ಪೆನ್ಸಿಲಲ್ಲೇ ಬರೀರಿ, ಬಾಲ್‌ಪೆನ್ ಇಂಕು ಕರಗತ್ತೆ. ಲೇಬಲ್ ಇಲ್ದಿರೋ ಹುಳ ಎಷ್ಟೇ ಅಪರೂಪದ್ದಾದ್ರೂ ಸ್ಟಡಿಗೆ ಹೆಚ್ಚುಕಮ್ಮಿ ದಂಡ.

ಈಗ ಕೀ (ಹುಳದ ಹೆಸ್ರು ಪತ್ತೆ ಮಾಡೋ ಪ್ರಶ್ನೆಗಳ ಪಟ್ಟಿ) ಹಿಡ್ಕೊಂಡು ಕೂರಿ. ಎರಡೆರಡು ಸಾಲು ಕೊಟ್ಟು ಇದಾ ಅದಾ ಅಂತ ಕೇಳ್ತಾ ಹೋಗತ್ತೆ, ಮೊದಲ್ನೇ ಸಾಲು ಸರಿ ಅನ್ಸಿದ್ರೂ ಎರಡನೇದು ಓದ್ದೇ ಮುಂದೆ ಹೋಗ್ಬೇಡಿ, ಮತ್ತೆ ನಿಮ್ಮ ಪ್ರದೇಶದ ಕೀನೇ ಬಳಸಿ, ಬೇರೆ ಖಂಡದ್ದು ಹಿಡಿದ್ರೆ ಯಾವುದೋ ಒಂದು ಹೆಸ್ರಿಗೆ ತಂದು ನಿಲ್ಲಿಸತ್ತೆ, ಅದು ತಪ್ಪೇ ಇರತ್ತೆ. ಸುಮಾರು ಕೀಗಳಲ್ಲಿ ಮೊದಮೊದಲೇ ಕೇಳೋದು ಕಣ್ಣಿನ ಮೇಲೆ ಉದ್ದ ಕೂದಲು ಒಂದಾ ಎರಡಾ ಅಂತ. ಕೂದಲು ಮುರಿದು ಹೋಗಿರತ್ತೆ ಸುಮಾರು ಸಲ, ಪರ್ವಾಗಿಲ್ಲ, ಅದಿದ್ದ ಗುಳಿ ಉಳ್ದಿರತ್ತೆ, ಲೈಟನ್ನ ಪಕ್ಕದಿಂದ ಬಿಟ್ಟು ನೋಡಿದ್ರೆ ಸಣ್ಣ ಚುಕ್ಕೆಯಾಗಿ ಕಾಣತ್ತೆ. ಇಲ್ಲಿಗೆ ಮಾತ್ರ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕೇ ಬೇಕು. ಹಂಗೇ ರೆಕ್ಕೆ ಮೇಲಿನ ಗೆರೆ, ಮುಂಗಾಲಲ್ಲಿ ಆಂಟೆನಾ ಒರೆಸ್ಕೊಳ್ಳೋಕೆ ಇರೋ ಕಚ್ಚು ಎಲ್ಲಾ ಲೆಕ್ಕಕ್ಕೆ ಬರತ್ತೆ. ಕೆಲವು ಗುಂಪಲ್ಲಿ ಗಂಡಿನ ಜನನಾಂಗ ಬಿಡಿಸಿ ನೋಡ್ದೇ ಜಾತಿ ಹೇಳೋಕಾಗಲ್ಲ, ಅಂಥ ಕಡೆ ಜೀನಸ್‌ಗೆ (ಹತ್ತಿರದ ಜಾತಿಗಳು ಸೇರಿರೋ ಗುಂಪಿಗೆ) ನಿಲ್ಲಿಸಿ, ಊಹೆ ಮಾಡಿದ ಹೆಸ್ರಿಗಿಂತ ಅದೇ ವಾಸಿ.

ಹೆಸರು ಬರೆಯುವಾಗ ಬ್ರಾಕೆಟ್ ಬಿಡ್ಬೇಡಿ: ಟೆರೋಸ್ಟಿಕಸ್ ಮೆಲನೇರಿಯಸ್ (ಇಲ್ಲಿಗರ್, 1798) ಅಂದ್ರೆ ಇಲ್ಲಿಗರ್ ಅನ್ನೋ ವಿಜ್ಞಾನಿ ಈ ಗ್ರೌಂಡ್ ಬೀಟಲ್ ಜಾತಿನ 1798ರಲ್ಲಿ ಮೊದ್ಲು ಬೇರೆ ಜೀನಸ್ಸಲ್ಲಿ ಹೆಸರಿಸಿದ್ರು, ಆಮೇಲೆ ಅದು ಟೆರೋಸ್ಟಿಕಸ್ ಜೀನಸ್ಸಿಗೆ ಬಂತು ಅಂತ.

ಡಬ್ಬಿ ಗಾಳಿ ಆಡದ ಹಾಗೆ ಮುಚ್ಚಿಡಿ, ಆಗಾಗ ತೆಗೆದು ಪಿನ್ನಿನ ಬುಡ ನೋಡಿ. ಕಂದು ಪುಡಿ ಉದುರಿದ್ರೆ ಆಂಥ್ರೆನಸ್ ಮರಿಹುಳ ಒಳಗೆ ಸೇರಿ ನಿಮ್ಮ ಕಲೆಕ್ಷನ್ ತಿಂತಾ ಇದೆ (ಅದೂ ಒಂದು ಜೀರುಂಡೆನೇ!). ಡಬ್ಬಿನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿ ಫ್ರೀಜರಲ್ಲಿ ಎರಡು ವಾರ ಇಡಿ, ಹೊರಗೆ ತೆಗೆದ್ಮೇಲೆ ರೂಮಿನ ಬಿಸಿಗೆ ಬರೋವರ್ಗೂ ಕವರ್ ಬಿಚ್ಬೇಡಿ, ಬಿಚ್ಚಿದ್ರೆ ತೇವ ಕೂತು ಬೂಷ್ಟು ಹಿಡಿಯತ್ತೆ.