‘ಪ್ರೊಮೀಥಿಯಸ್’ ಚಿತ್ರವನ್ನು ಸರಿಯಾಗಿ ನೋಡುವ ಬಗೆ

ಮನುಷ್ಯರನ್ನು ಹುಟ್ಟಿಸಿದವರು ಬೇರೆ ಲೋಕದವರು ಎಂಬ ಎಳೆ ಹಿಡಿದು ರಿಡ್ಲಿ ಸ್ಕಾಟ್ 2012ರಲ್ಲಿ ಮಾಡಿದ ‘ಪ್ರೊಮೀಥಿಯಸ್’ ಎಷ್ಟು ಹೊಗಳಿಸಿಕೊಂಡಿತೋ ಅಷ್ಟೇ ಬೈಸಿಕೊಂಡಿತು. ಬೈಯುವವರ ಮಾತು ಸಾಮಾನ್ಯವಾಗಿ ಎರಡು: ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಇದೇ ಲೋಕದ ಕಥೆ ಹೇಳುವ, ಸ್ಕಾಟ್‌ರದೇ 1979ರ ‘ಏಲಿಯನ್’ನ ಪ್ರಾಣಿ ಬರಲಿಲ್ಲ. ಈ ಎರಡು ನಿರೀಕ್ಷೆಗಳನ್ನು ಬಿಟ್ಟು ಕೂತರೆ ಬೇರೆಯೇ ಚಿತ್ರ ಕಾಣುತ್ತದೆ. ಹುಟ್ಟಿಸಿದವರು ಹುಟ್ಟಿದವರಿಗೆ ಏನು ಬಾಕಿ ಉಳಿಸಿಕೊಂಡಿದ್ದಾರೆ ಎನ್ನುವುದೇ ಇಲ್ಲಿನ ಕಥೆ.

ಮೊದಲ ಸಲ ನೋಡುವವರು ಕೂರುವ ತಯಾರಿಯ ಭಾಗವನ್ನು ಮಾತ್ರ ಓದಿ ನಿಲ್ಲಿಸಿ. ಅದರಾಚೆ ಕಥೆಯ ಗುಟ್ಟುಗಳಿವೆ.

ಕೂರುವ ತಯಾರಿ

ಚಿತ್ರದ ಅವಧಿ 2 ಗಂಟೆ 4 ನಿಮಿಷ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಮೆಟ್ರೋದಲ್ಲಿ ಮೊಬೈಲ್ ಹಿಡಿದು ತುಂಡು ತುಂಡಾಗಿ ನೋಡುವ ಚಿತ್ರ ಇದಲ್ಲ. ಅರ್ಧಕ್ಕರ್ಧ ದೃಶ್ಯಗಳು ಕತ್ತಲಲ್ಲೇ ನಡೆಯುತ್ತವೆ. ರಾತ್ರಿ ನೋಡಿ, ಎದುರು ಮನೆಯ ಬಾಲ್ಕನಿ ಲೈಟು ಪರದೆಯ ಮೇಲೆ ಬೀಳದಂತೆ ಕರ್ಟನ್ ಎಳೆಯಿರಿ.

ಟೀವಿಯ ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಇಲ್ಲದ ಫ್ರೇಮುಗಳನ್ನು ಟೀವಿಯೇ ಹುಟ್ಟಿಸಿ ನಡುವೆ ತುರುಕುತ್ತದೆ, ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಕತ್ತಲೆ ಹೆಚ್ಚಾಯಿತೆಂದು ಬ್ರೈಟ್‌ನೆಸ್ ಏರಿಸಬೇಡಿ. ಕಪ್ಪು ಬಣ್ಣ ಬೂದು ಬಣ್ಣವಾಗಿ ಗುಹೆಯ ಆಳವೇ ಹೋಗುತ್ತದೆ. ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ಹೋಗಲೆಂದು ಜೂಮ್ ಮಾಡಿದರೆ ಚೌಕಟ್ಟಿನ ಎರಡೂ ಪಕ್ಕ ಕತ್ತರಿಸಿಹೋಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಪಿಸುಮಾತು ಬಹಳ ಇದೆ. ಊಟ ಮೊದಲೇ ಮುಗಿಸಿ. ಯಂತ್ರದೊಳಗೆ ಮಲಗಿ ನಾಯಕಿ ತನ್ನ ಹೊಟ್ಟೆಯನ್ನು ತಾನೇ ಕೊಯ್ಯಿಸಿಕೊಳ್ಳುವ ದೃಶ್ಯವಿದೆ. ಮಕ್ಕಳನ್ನು ಕೂರಿಸಿಕೊಳ್ಳಬೇಡಿ.

ಯಾವುದನ್ನು ಮೊದಲು ನೋಡಬೇಕು? ಇದನ್ನೇ ಮೊದಲು ನೋಡಿ, ‘ಏಲಿಯನ್’ ಆಮೇಲೆ. ಇಲ್ಲಿನ ಉಪಗ್ರಹ ಎಲ್‌ವಿ-223, ಅಲ್ಲಿನದು ಎಲ್‌ವಿ-426. ಎರಡೂ ಒಂದೇ ಎಂದುಕೊಂಡು ಹೊಂದಿಸಲು ಹೋದವರು ಕೊನೆಯವರೆಗೂ ಒದ್ದಾಡುತ್ತಾರೆ.

ಯಾರ ಮುಖ ನೋಡಬೇಕು

ಆರಂಭದಲ್ಲಿ ಮಾತೇ ಇಲ್ಲ. ಬಿಳಿಚು ಮೈಯ ದೈತ್ಯನೊಬ್ಬ ಜಲಪಾತದ ತುದಿಯಲ್ಲಿ ನಿಂತು ಬಟ್ಟಲಿನ ಕಪ್ಪು ದ್ರವ ಕುಡಿಯುತ್ತಾನೆ. ಮೈ ಕರಗಿ, ಡಿಎನ್‌ಎ ಎಳೆಗಳು ಹರಿದು, ನೀರಿಗೆ ಬಿದ್ದ ಮೇಲೆ ಮತ್ತೆ ಹೆಣೆದುಕೊಳ್ಳುತ್ತವೆ. ಚಿತ್ರೀಕರಣ ನಡೆದದ್ದು ಐಸ್‌ಲ್ಯಾಂಡಿನ ಡೆಟ್ಟಿಫಾಸ್‌ನಲ್ಲಿ. ನೀರಿನ ಬೂದು ಬಣ್ಣ ಹಿಮನದಿ ಹೊತ್ತು ತಂದ ಹೂಳಿನದು. ನಮಗೆ ಇಲ್ಲಿ ಪುರುಷಸೂಕ್ತ ನೆನಪಾಗುತ್ತದೆ: ಬಲಿಯಾದವನ ಮೈಯೇ ಜಗತ್ತಾಗುವುದು. ದೃಶ್ಯದ ತೂಕ ಹಿಡಿಯಲು ಈ ಹೋಲಿಕೆ ಒಳ್ಳೆಯದು. ‘ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂಬ ವಾದಕ್ಕೆ ಬಳಸಿದರೆ ಸೂಕ್ತವೂ ಕೆಡುತ್ತದೆ, ಸಿನಿಮಾವೂ ಕೆಡುತ್ತದೆ.

ಅಲ್ಲಿಂದ ಮುಂದೆ ಕಣ್ಣು ಡೇವಿಡ್ ಮೇಲಿರಲಿ. ಮೈಕಲ್ ಫಾಸ್‌ಬೆಂಡರ್ ಮಾಡಿರುವ ಈ ಯಂತ್ರಮಾನವ, ಉಳಿದವರೆಲ್ಲ ನಿದ್ದೆಯಲ್ಲಿರುವಾಗ ನೌಕೆಯಲ್ಲಿ ಒಬ್ಬನೇ ಎದ್ದಿರುತ್ತಾನೆ, ಭಾಷೆ ಕಲಿಯುತ್ತಾನೆ. ಅವನು ಒಪ್ಪಿಸುವ ಪಾಠ ಕುರಿ ಮತ್ತು ಕುದುರೆಗಳ ಪುಟ್ಟ ಕಥೆ. ಮೂಲ ಇಂಡೋ-ಯುರೋಪಿಯನ್ ಭಾಷೆ ಹೇಗಿತ್ತೆಂದು ತೋರಿಸಲು ಷ್ಲೈಖರ್ ಎಂಬ ಜರ್ಮನ್ ಭಾಷಾಶಾಸ್ತ್ರಜ್ಞ 1868ರಲ್ಲಿ ಕಟ್ಟಿದ್ದು ಅದು. ಸಂಸ್ಕೃತದ ‘ಅವಿ’, ‘ಅಶ್ವ’ ಆ ಬುಡದಿಂದಲೇ ಬಂದವು. ಕನ್ನಡದ ‘ಕುರಿ’, ‘ಕುದುರೆ’ ಬೇರೆ ಕುಟುಂಬದವು. ಎಲ್ಲ ಮನುಷ್ಯರ ಮೂಲಭಾಷೆಯೇ ಇದು ಎಂಬಂತೆ ಚಿತ್ರ ನಡೆದುಕೊಳ್ಳುವುದನ್ನು ಒಪ್ಪಬೇಕಿಲ್ಲ.

ಇಡೀ ಚಿತ್ರದ ಬೀಗದ ಕೈ ಇರುವುದು ಪೂಲ್ ಟೇಬಲ್ ದೃಶ್ಯದಲ್ಲಿ. ಹುಡುಕಿ ಬಂದ ಸೃಷ್ಟಿಕರ್ತರು ಸತ್ತಿದ್ದಾರೆಂದು ತಂಡದ ಪುರಾತತ್ವಜ್ಞ ಹಾಲೊವೇ ಬೇಸರದಲ್ಲಿ ಕುಡಿಯುತ್ತಿದ್ದಾನೆ. ನಿಮ್ಮವರು ನನ್ನನ್ನು ಯಾಕೆ ಮಾಡಿದರು ಎಂದು ಡೇವಿಡ್ ಕೇಳುತ್ತಾನೆ. ಮಾಡಲು ಆಗುತ್ತಿತ್ತು, ಮಾಡಿದೆವು ಎಂಬ ಉತ್ತರ ಬರುತ್ತದೆ. ಇದೇ ಉತ್ತರ ನಿನ್ನ ಸೃಷ್ಟಿಕರ್ತನಿಂದ ಬಂದರೆ ನಿನಗೆ ಹೇಗಾದೀತು ಎಂದು ಡೇವಿಡ್ ತಿರುಗಿಸುತ್ತಾನೆ. ಆಮೇಲೆ, ಉತ್ತರಕ್ಕಾಗಿ ಎಲ್ಲಿಯವರೆಗೆ ಹೋಗುತ್ತೀ ಎಂದು ಕೇಳಿ, ಏನು ಬೇಕಾದರೂ ಮಾಡುತ್ತೇನೆ ಎನಿಸಿಕೊಂಡು, ಬೆರಳ ತುದಿಯ ಕಪ್ಪು ಹನಿಯನ್ನು ಅವನ ಗ್ಲಾಸಿಗೆ ಬಿಡುತ್ತಾನೆ. ಅವನು ಅನುಮತಿ ಪಡೆದುಕೊಂಡೇ ವಿಷ ಹಾಕಿದ್ದಾನೆ. ಎರಡನೇ ಸಲ ನೋಡುವಾಗ ಇಲ್ಲಿ ನಿಲ್ಲಿಸಿ, ಮತ್ತೊಮ್ಮೆ ನೋಡಿ.

ಕೊನೆಯಲ್ಲಿ ಎಚ್ಚರಗೊಂಡ ದೈತ್ಯನಿಗೆ ಡೇವಿಡ್ ಹೇಳುವ ಮಾತಿಗೆ ಸಬ್‌ಟೈಟಲ್ ಬರುವುದಿಲ್ಲ. ನಿಮ್ಮ ಪ್ರತಿಯ ದೋಷವಲ್ಲ, ಬೇಕೆಂದೇ ಬಿಟ್ಟದ್ದು. ಯಾನಕ್ಕೆ ಹಣ ಹಾಕಿದ ಮುದುಕ ವೇಲ್ಯಾಂಡ್‌ನನ್ನು ಕುರಿತ ಆ ಮಾತಿನ ಅರ್ಥ: ಇವನಿಗೆ ಸಾಯಲು ಇಷ್ಟವಿಲ್ಲ, ನೀವು ಆಯುಸ್ಸು ಕೊಡಬಲ್ಲಿರಿ ಎಂದು ನಂಬಿ ಬಂದಿದ್ದಾನೆ. ದೈತ್ಯ ಮೊದಲು ಡೇವಿಡ್‌ನ ತಲೆ ಸವರುತ್ತಾನೆ. ನಂತರ ಅದೇ ಕೈಯಿಂದ ತಲೆ ಕೀಳುತ್ತಾನೆ.

ಎಡವುವ ಕಡೆ

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 3ಕ್ಕಿಂತ ಹೆಚ್ಚು ಎಂದು ಎಚ್ಚರಿಸಿದವರೇ ಗುಹೆಯೊಳಗೆ ಹೆಲ್ಮೆಟ್ ತೆಗೆಯುತ್ತಾರೆ. ಒಳಗಿನ ಗಾಳಿ ಉಸಿರಾಡಲು ಸರಿಯಿದೆ ನಿಜ, ಆದರೆ ಸೂಕ್ಷ್ಮಜೀವಿಗಳ ಯೋಚನೆ ಯಾರಿಗೂ ಇಲ್ಲ. ನಕ್ಷೆ ಮಾಡುವವನೇ ದಾರಿ ತಪ್ಪುತ್ತಾನೆ. ಇವು ಚಿತ್ರಕಥೆಯ ನಿಜವಾದ ದೌರ್ಬಲ್ಯಗಳು, ಸಮರ್ಥಿಸಲು ಹೋಗಬೇಡಿ.

ದೊಡ್ಡ ತಪ್ಪು ವಿಜ್ಞಾನದ್ದು. ದೈತ್ಯರ ಡಿಎನ್‌ಎ ನಮ್ಮದಕ್ಕೆ ಹೊಂದುತ್ತದೆ ಎನ್ನುತ್ತದೆ ಚಿತ್ರ. ಹಾಗಿದ್ದರೆ ಚಿಂಪಾಂಜಿಯ ಜೊತೆ ನಮಗಿರುವ ಹತ್ತಿರದ ನಂಟು ಎಲ್ಲಿಂದ ಬಂತು? ಕೋಟ್ಯಂತರ ವರ್ಷ ಹಿಂದೆ ಬಿತ್ತಿದ ಬೀಜ ವಿಕಾಸದ ದಾರಿಯಲ್ಲಿ ಹಾದು ಬಿತ್ತಿದವನದೇ ಆಕಾರಕ್ಕೆ ಬರಲು ಕಾರಣವೇ ಇಲ್ಲ. ಗಂಭೀರ ವಿಜ್ಞಾನಿಗಳು ಚರ್ಚಿಸಿದ್ದು ಇದಕ್ಕಿಂತ ಚಿಕ್ಕ ಊಹೆ. ಯಾರೋ ಬೇಕೆಂದೇ ಸೂಕ್ಷ್ಮಜೀವಿಗಳನ್ನು ಭೂಮಿಗೆ ಕಳಿಸಿರಬಹುದೇ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಲೆಸ್ಲಿ ಆರ್ಗೆಲ್ 1973ರಲ್ಲಿ ಬರೆದರು. ನಮ್ಮ ಇಸ್ರೋ ನೆರವಿನಲ್ಲಿ 2005ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿ ಹಿಡಿದು ತಂದರು. ಸಿಕ್ಕಿದ ಹೊಸ ಬ್ಯಾಕ್ಟೀರಿಯಾಗಳಲ್ಲಿ ಒಂದಕ್ಕೆ ‘ಬ್ಯಾಸಿಲಸ್ ಇಸ್ರೋನೆನ್ಸಿಸ್’ ಎಂದು ಹೆಸರಾಯಿತು. ಅವು ಹೊರಗಿನಿಂದಲೇ ಬಂದವು ಎನ್ನಲು ಇದು ಸಾಕ್ಷಿಯಾಗದು ಎಂದು ಇಸ್ರೋ ಕೂಡ ಸ್ಪಷ್ಟಪಡಿಸಿತು.

ಮಾರನೇ ದಿನ ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿ. ಕೆಂಪೇಗೌಡರ ಗೋಪುರದ ಬುಡದಲ್ಲಿ ಕಾಲಿಗೆ ಸಿಗುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದು ಗಟ್ಟಿಯಾದಾಗ ಭೂಮಿಯಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಕಲ್ಲಿನ ಮೇಲೆ ಬಿಳಿ ಕಪ್ಪು ಪಟ್ಟೆಗಳು ಸುರುಳಿ ಸುತ್ತಿರುವ ಜಾಗ ಹುಡುಕಿ ಕೂತು, ಆ ಜಲಪಾತದ ದೃಶ್ಯವನ್ನು ಮೊಬೈಲಿನಲ್ಲಿ ಇನ್ನೊಮ್ಮೆ ಹಾಕಿ ನೋಡಿ.