ಕಾರವಾರದ ಮೊದಲ ಮಳೆಗಾಲ: ಮನೆಗೆ ಬೂಷ್ಟು ಹಿಡಿಯದ ಹಾಗೆ

ಧಾರವಾಡ, ಬಳ್ಳಾರಿ, ಕಲಬುರಗಿ ಕಡೆಯಿಂದ ಕೈಗಾಕ್ಕೋ ನೌಕಾನೆಲೆಗೋ ವರ್ಗವಾಗಿ ಬಂದವರು ಮೊದಲ ಜುಲೈನಲ್ಲಿ ಕಪಾಟು ತೆಗೆದು ಗಾಬರಿಯಾಗುತ್ತಾರೆ. ಮದುವೆಯ ರೇಷ್ಮೆ ಸೀರೆಯ ಮೇಲೆಲ್ಲ ಬಿಳಿ ಬೂಷ್ಟು! ದಯವಿಟ್ಟು ನಾಚಿಕೊಳ್ಳಬೇಡಿ, ನಿಮ್ಮ ಮನೆ ಗಲೀಜಾಗಿದೆ ಎಂದಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಿದು. ಬೂಷ್ಟಿನ ಕಣಗಳು ಗಾಳಿಯಲ್ಲಿ ಸದಾ ಇರುತ್ತವೆ; ಒದ್ದೆ ಜಾಗ ಒಂದೆರಡು ದಿನ ಒಣಗದಿದ್ದರೆ ಅಲ್ಲೇ ಬೇರೂರುತ್ತವೆ.

ಹಾಗಾಗಿ ಮುಖ್ಯ ಕೆಲಸವೆಲ್ಲ ಮೇ ತಿಂಗಳಲ್ಲೇ ಮುಗಿಯಬೇಕು. ಇಲ್ಲಿ ಮಳೆ ನೆಟ್ಟಗೆ ಬೀಳುವುದಿಲ್ಲ, ಕಡಲ ಕಡೆಯಿಂದ ಎರಚಲಾಗಿ ಬಡಿಯುತ್ತದೆ. ಬಾಡಿಗೆ ಮನೆ ನೋಡಲು ಹೋದಾಗ ಪಡುವಣ ಗೋಡೆಯನ್ನು ಒಳಗಿನಿಂದ ಕೈಯಲ್ಲಿ ಸವರಿ. ಬಣ್ಣ ಉಬ್ಬಿದ್ದರೆ, ಗಾರೆ ಉದುರುತ್ತಿದ್ದರೆ ನೀರು ಒಳಬರುತ್ತಿದೆ ಎಂದೇ ಅರ್ಥ. ಮಾಲೀಕರಿಗೆ ಹೇಳಿ ಬಿರುಕು ಮುಚ್ಚಿಸಿ, ಒಡೆದ ಹೆಂಚು ಬದಲಿಸಿ. ಅದು ಬಿಟ್ಟು ಮೇಲೆ ಹೊಸ ಪೇಂಟ್ ಹೊಡೆಸಿದರೆ ದುಡ್ಡು ದಂಡ, ಆಗಸ್ಟಿಗೆ ಕಲೆ ಮತ್ತೆ ಮೂಡುತ್ತದೆ. ಹಳಬರು ಆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಕಪಾಟು, ಮಂಚಗಳನ್ನು ಗೋಡೆಯಿಂದ ಅರ್ಧ ಗೇಣಾದರೂ ದೂರ ಇಡಿ.

ಗಾಳಿಯಾಡಲಿ ಎಂದು ಜಡಿಮಳೆಯಲ್ಲೂ ಕಿಟಕಿ ತೆರೆದಿಡಬೇಡಿ; ಹೊರಗಿನ ಗಾಳಿಯೇ ತೊಯ್ದಿರುವಾಗ ಒಳಗೆ ಏನೂ ಒಣಗದು. ಮಳೆ ಹೊಳವಾದ ಕೂಡಲೇ ಕಿಟಕಿ, ಬಾಗಿಲು, ಕಪಾಟು ಎಲ್ಲ ತೆರೆಯಿರಿ. ಮಲಗುವ ಕೋಣೆಯಲ್ಲಿ ಮಾತ್ರ ಒದ್ದೆ ಬಟ್ಟೆ ಹರವಬೇಡಿ, ಬೇರೆ ಕೋಣೆಯಲ್ಲಿ ಫ್ಯಾನ್ ಹಾಕಿ ಒಣಗಿಸಿ. ಕರ್ಪೂರ, ಬೇವಿನೆಲೆ ತೇವ ಹೀರುವುದಿಲ್ಲ. ಕಪಾಟಿಗೆ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಇಡಿ, ಅದರಲ್ಲಿ ನಿಂತ ನೀರು ಮಕ್ಕಳ ಕೈಗೆ ಸಿಗದಿರಲಿ.

ಬೂಷ್ಟು ಬಂದೇಬಿಟ್ಟರೆ ಒಣ ಬಟ್ಟೆಯಿಂದ ಝಾಡಿಸಬೇಡಿ, ಮನೆತುಂಬ ಹರಡುತ್ತದೆ. ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚ್ ಬಳಸುವುದಾದರೆ ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಅಥವಾ ವಿನೆಗರ್ ಎಂದೆಂದೂ ಸೇರಿಸಬೇಡಿ. ಕ್ಲೋರಿನ್ ವಿಷಾನಿಲ ಏಳುತ್ತದೆ. ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿಯನ್ನು ಬಿಸಿಲಿಗಿಟ್ಟು ತಿನ್ನುವುದೂ ಬೇಡ. ಅದರ ವಿಷ ಹುರಿದರೂ ಪೂರ್ತಿ ಹೋಗದು, ಎಸೆದುಬಿಡಿ.

ಉಬ್ಬಸ ಇರುವವರಿಗೆ ಈ ಕೆಲಸ ಹಚ್ಚಬೇಡಿ. ಮಗುವಿಗೆ ರಾತ್ರಿ ಕೆಮ್ಮು, ಗೊರಗೊರ ಹೆಚ್ಚಾದರೆ ಮೊದಲು ಅದನ್ನು ಒಣಗಿದ ಕೋಣೆಯಲ್ಲಿ ಮಲಗಿಸಿ, ಬೆಳಿಗ್ಗೆ ಡಾಕ್ಟರಿಗೆ ತೋರಿಸುವಾಗ ಗೋಡೆಯ ವಿಷಯವನ್ನೂ ಹೇಳಿ. ಉಸಿರಾಡಲು ಕಷ್ಟಪಡುತ್ತಿದ್ದರೆ ಬೆಳಗಾಗುವುದನ್ನು ಕಾಯಬೇಡಿ.