ಕುಗ್ಗಿದ ಮನಸ್ಸಿನಿಂದಲೇ ಇನ್ನೊಬ್ಬರನ್ನು ಸಂತೈಸುವುದು ಹೇಗೆ?

ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯವನ್ನು ನಾಲ್ಕನೇ ವಚನಕ್ಕೇ ನಿಲ್ಲಿಸಬೇಡಿ. ದೇವರಿಂದ ಸಾಂತ್ವನ ಪಡೆದವರು ಕಷ್ಟದಲ್ಲಿರುವವರನ್ನು ಸಂತೈಸಬಲ್ಲರು ಎಂಬ ಮಾತು ಅಲ್ಲಿದೆ. ಎಂಟನೇ ವಚನಕ್ಕೆ ಬನ್ನಿ: ತಾಳಲಾರದ ಭಾರದಿಂದ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಅದೇ ಪೌಲ ಹೇಳುತ್ತಾನೆ. ಹಾಗಾಗಿ ಖಿನ್ನತೆಯಿಂದ ಪೂರ್ತಿ ಗುಣವಾದ ಮೇಲೆಯೇ ಇನ್ನೊಬ್ಬರ ಸೇವೆ ಎಂದು ಕಾಯಬೇಕಿಲ್ಲ. ಆದರೆ ಕ್ರಮ ತಪ್ಪಬಾರದು: ಮೊದಲು ಪಡೆಯುವುದು, ಆಮೇಲೆ ಕೊಡುವುದು. ತನ್ನ ನೋವು ಮರೆಯಲೆಂದು ಊರೆಲ್ಲ ಓಡಾಡಿ ಸೇವೆ ಮಾಡಿದವರು ಮತ್ತೆ ಹಾಸಿಗೆ ಹಿಡಿಯುವುದುಂಟು.

ಮೊದಲು ಗಂಜಿ

ಪ್ರವಾದಿ ಎಲೀಯ ಸಾವನ್ನು ಬೇಡಿಕೊಂಡು ಮರದಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ಉಣ್ಣಲು ಹೇಳಿದ (1 ಅರಸುಗಳು 19). ನೀವೂ ಅಲ್ಲಿಂದಲೇ ಶುರುಮಾಡಿ. ನಿದ್ದೆ ಬರಲಿ, ಬಾರದಿರಲಿ, ಏಳುವ ಹೊತ್ತು ದಿನವೂ ಒಂದೇ ಇರಲಿ. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಕುಡಿಯಿರಿ. ಬೆಳಗಿನ ಬೆಳಕಲ್ಲಿ ಅರ್ಧ ಗಂಟೆ ನಡೆಯಿರಿ. ಆಟಿಯ ಮಳೆಗೆ ಅಂಗಳಕ್ಕಿಳಿಯಲು ಆಗದಿದ್ದರೆ ಕೋಣೆ ಬಿಟ್ಟು ಜಗಲಿಗಾದರೂ ಬಂದು ಕೂರಿ.

ಪ್ರಾರ್ಥನೆ ಚಿಕ್ಕದಿರಲಿ. ಐದು ದಶಕದ (ಹತ್ತು ಹತ್ತು ಮಣಿಯ ಐದು ಸುತ್ತಿನ) ಜಪಸರ ಆಗದಿದ್ದರೆ ಒಂದೇ ದಶಕ ಸಾಕು. ಕೀರ್ತನೆ 88ನ್ನು ಬಾಯಿಬಿಟ್ಟು ಓದಿ. ಹದಿನೆಂಟೇ ವಚನ, ಸ್ತೋತ್ರದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗವಿದೆ. ದೇವರು ದೂರವಾದಂತೆ ಅನ್ನಿಸಿದರೆ ವಿಶ್ವಾಸ ಹೋಯಿತೆಂದು ಹೆದರಬೇಡಿ. ಎಲ್ಲದರ ರುಚಿ ಕೆಡಿಸುವ ರೋಗ ಪ್ರಾರ್ಥನೆಯ ರುಚಿಯನ್ನು ಮಾತ್ರ ಬಿಟ್ಟೀತೇ?

ಡಾಕ್ಟರ ಹತ್ತಿರ

ಎರಡು ವಾರ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ತಡಮಾಡಬೇಡಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ 'ಆಶ್ವಾಸಂ' ಎಂಬ ಯೋಜನೆ ಇದೆ. ಆದರೆ ಕಾಸರಗೋಡಿನ ಕನ್ನಡಿಗರಿಗೆ ಒಂದು ತೊಡಕು: ಡಾಕ್ಟರು ಮಲಯಾಳದವರಾಗಿದ್ದರೆ ಒಂದೇ ಶಬ್ದ ಎರಡು ಅರ್ಥ ಕೊಡುತ್ತದೆ. ನಾವು 'ಸಂಕಟ' ಎಂದರೆ ಹೊಟ್ಟೆಯದ್ದೋ ಎದೆಯದ್ದೋ ಇರಬಹುದು. ಅವರಿಗೆ ಅದು ದುಃಖ. ಚೀಟಿಯಲ್ಲಿ 'ವಿಷಾದರೋಗಂ' ಎಂದಿದ್ದರೆ ಅದೇ ಖಿನ್ನತೆ. ನಿದ್ದೆ ಎಷ್ಟು ಗಂಟೆ, ಊಟ ಹೇಗೆ, ಎಂದಿನಿಂದ, ಸಾಯುವ ಯೋಚನೆ ಬಂದಿದೆಯೇ ಎಂಬ ನಾಲ್ಕು ಸಂಗತಿ ಬರೆದುಕೊಂಡು, ಮಲಯಾಳ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮಾತ್ರೆಯ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ವಾರದ ಹೊಟ್ಟೆ ತೊಳಸುವಿಕೆಗೆ ಹೆದರಿ ಬಿಡುವವರು ಬಹಳ. ಇನ್ನು ಕೆಲವರು ಧ್ಯಾನಕೂಟದಲ್ಲಿ ಮನಸ್ಸು ಹಗುರಾದ ಕೂಡಲೇ 'ದೇವರೇ ಗುಣಮಾಡಿದರು' ಎಂದು ನಿಲ್ಲಿಸುತ್ತಾರೆ. ರೋಗ ಮರುಕಳಿಸುವುದು ಹೀಗೆಯೇ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದಾದರೆ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಒಂದು ಮನೆ, ಅರ್ಧ ಗಂಟೆ

ಏಳುವುದು, ಉಣ್ಣುವುದು ಒಂದಿಷ್ಟು ಹದಕ್ಕೆ ಬಂದ ಮೇಲೆ ಒಬ್ಬರನ್ನು ಆರಿಸಿಕೊಳ್ಳಿ. ಒಬ್ಬರನ್ನು ಮಾತ್ರ. ವಾರಕ್ಕೊಮ್ಮೆ, ಅರ್ಧ ಗಂಟೆ. ಯಾರೆಂದು ತೋಚದಿದ್ದರೆ ಇಗರ್ಜಿಯ ವಾರ್ಡಿನ ಮುಖಂಡರಾದ ಗುರ್ಕಾರರನ್ನೋ ಸಭಾಪಾಲಕರನ್ನೋ ಕೇಳಿ. ಇಬ್ಬರಾಗಿ ಹೋಗುವುದು ಒಳ್ಳೆಯದು; ಯೇಸು ಶಿಷ್ಯರನ್ನು ಕಳಿಸಿದ್ದೂ ಹಾಗೆಯೇ, ಬಡವರ ಮನೆಗೆ ಹೋಗಿ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆಯವರ ರೂಢಿಯೂ ಅದೇ. ನಿಮಗೆ ಮಾತು ಹೊರಡದ ದಿನ ಜೊತೆಗಾರರು ಆಡುತ್ತಾರೆ.

ಉದಾಹರಣೆಗೆ, ಗಂಡ ತೀರಿಕೊಂಡ ಮೇಲೆ ಯಾರೊಡನೆಯೂ ಬೆರೆಯದ ಅಕ್ಕನೊಬ್ಬರು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಾರೆ ಎನ್ನಿ. ಎದುರಿಗೆ ಕುರ್ಚಿ ಹಾಕಿ ಕೂರಬೇಡಿ. ಪಕ್ಕದಲ್ಲಿ, ನೆಲದ ಮೇಲೆ ಕೂರಿ. ಅವರ ಮಡಿಲಲ್ಲಿ ಮೊರ, ಬೆರಳು ಎಲೆ ಸುತ್ತುತ್ತಿರುತ್ತದೆ, ಕಣ್ಣು ನೂಲಿನ ಮೇಲಿರುತ್ತದೆ. ಮುಖ ನೋಡಬೇಕಿಲ್ಲದಿರುವಾಗ ಮಾತು ತಾನಾಗಿ ಬರುತ್ತದೆ. ಬಾರದಿದ್ದರೆ ಕಟ್ಟಿದ ಬೀಡಿ ಎಣಿಸಿಕೊಡಿ. "ಅಕ್ಕ, ರಾತ್ರಿ ನಿದ್ದೆ ಬಂತಾ?" ಎಂಬ ಪ್ರಶ್ನೆ ಸಾಕು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಬಾಯಿಬಿಡದೆ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು. ಕಾರಣ ಹೇಳಹೊರಟಾಗ ಕೆಟ್ಟರು. "ದೇವರ ಚಿತ್ತ", "ನಿಮಗಿಂತ ಕಷ್ಟದವರಿದ್ದಾರೆ", "ಪ್ರಾರ್ಥನೆ ಕಡಿಮೆಯಾಯಿತೇನೋ" ಎಂಬ ಮೂರೂ ಬೇಡ. ನಿಮ್ಮ ಕಥೆಯೂ ಅವರು ಕೇಳಿದರೆ ಮಾತ್ರ, ಎರಡೇ ವಾಕ್ಯ. ಕಾಸರಗೋಡಿನ ಬೇಳದ ಇಗರ್ಜಿ ವ್ಯಾಕುಲ ಮಾತೆಯದ್ದು, ಎಂದರೆ ಯೇಸುವಿನ ನೊಂದ ತಾಯಿ ಮರಿಯಳದ್ದು. ಶಿಲುಬೆಯ ಬಳಿ ಆ ತಾಯಿ ಮಾತಾಡಿದ್ದನ್ನು ಯೊವಾನ್ನ ಬರೆದಿಲ್ಲ, ನಿಂತಿದ್ದನ್ನು ಬರೆದಿದ್ದಾನೆ.

ಕೆಲವು ತಿಂಗಳು ಇದು ನಡೆದರೆ ಹಾಸಿಗೆ ಹಿಡಿದವರನ್ನು ಮನೆಯಲ್ಲೇ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ತಂಡದಲ್ಲಿ ವಿಚಾರಿಸಿ. ನರ್ಸಿನ ಜೊತೆ ಮನೆ ಭೇಟಿಗೆ ಹೋಗುವ ಸ್ವಯಂಸೇವಕರು ಅವರಿಗೆ ಬೇಕಾಗುತ್ತಾರೆ. ಎಣ್ಮಕಜೆ, ಬೆಳ್ಳೂರಿನ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮಕ್ಕಳಿರುವ ಮನೆಗಳಲ್ಲಿ ತಾಯಿ ಒಂದು ಗಂಟೆ ಮಲಗಿ ಏಳಲಿ ಎಂದು ಮಗುವಿನ ಬಳಿ ಕೂರುವುದು ದೊಡ್ಡ ಸಹಾಯ.

ಯಾರಾದರೂ "ಇದ್ದು ಏನು ಪ್ರಯೋಜನ" ಎಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಕೀಟನಾಶಕಗಳನ್ನು ಬೇರೆ ಮನೆಗೆ ಸಾಗಿಸಿ, ಮಾತ್ರೆಗಳನ್ನು ಮನೆಯವರ ಕೈಗೆ ಕೊಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆಮಾಡಿ. ನಂಬರು 14416, ಹಗಲಿರುಳೂ ಉಚಿತ, ಕನ್ನಡದಲ್ಲೂ ಸೇವೆ ಇದೆ. ಗುಟ್ಟು ಇಡುತ್ತೇನೆಂದು ಮಾತ್ರ ಮಾತು ಕೊಡಬೇಡಿ. ಇದು ನಿಮ್ಮದೇ ಯೋಚನೆಯಾಗಿದ್ದರೂ ಕ್ರಮ ಇದೇ: ಇವತ್ತೇ ಒಬ್ಬರಿಗೆ ಹೇಳಿ, ಅವರು ನಿಮ್ಮ ಬಳಿ ಇರಲಿ.

ಭೇಟಿಯ ಮರುದಿನ ನಿದ್ದೆ ಕೆಟ್ಟರೆ, ಅಳು ನಿಲ್ಲದಿದ್ದರೆ, ಒಂದು ವಾರ ಬಿಡಿ, ಜೊತೆಗಾರರು ಹೋಗಲಿ. ಹೊರಡುವಾಗ "ಮತ್ತೆ ಯಾವಾಗಾದರೂ ಬರುತ್ತೇನೆ" ಎನ್ನಬೇಡಿ. "ಬರುವ ಗುರುವಾರ ನಾಲ್ಕು ಗಂಟೆಗೆ ಬರುತ್ತೇನೆ ಅಕ್ಕ" ಎನ್ನಿ. ಆಗದಿದ್ದರೆ ಬುಧವಾರ ಸಂಜೆಯೊಳಗೆ ಫೋನು ಮಾಡಿ.